ಕೆಂಪು ಗುರುತು ಮೇಲಕ್ಕೆ

ಕೋಪನ್‌ಹೇಗನ್, ಕಸ್ಟಮ್ಸ್ ಮೇಜು

ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆಯ ಹಗ್ಗ ಬಿಚ್ಚುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದವರೆಲ್ಲ ಬೇರೆ ಸಾಲಿಗೆ ಹೋಗಿಬಿಟ್ಟಿದ್ದರು. ತೆಂಗಿನ ನಾರಿನ ಹಗ್ಗ ಅದು. ಯಲಹಂಕದ ಸಂತೆಯಲ್ಲಿ ಕೊಂಡು, ಸರಿಯಾಗಿ ಮುಚ್ಚಿಕೊಳ್ಳದ ಪೆಟ್ಟಿಗೆಗೆ ನಾನೇ ಸುತ್ತಿ ಸುತ್ತಿ ಗಂಟು ಹಾಕಿದ್ದೆ. ಎಷ್ಟು ಗಂಟು ಹಾಕಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆ ಮನುಷ್ಯ ಸಿಟ್ಟಾಗಲಿಲ್ಲ. ಒಂದೊಂದೇ ಗಂಟು ಬಿಚ್ಚಿ, ಹಗ್ಗವನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಪಕ್ಕಕ್ಕಿಟ್ಟ. ಬೊಂಬಾಯಿಯಲ್ಲಾಗಿದ್ದರೆ ಕತ್ತರಿ ಬರುತ್ತಿತ್ತು, ಜೊತೆಗೆ ನನ್ನ ಅಪ್ಪ ಅಜ್ಜಂದಿರ ಸುದ್ದಿಯೂ ಬರುತ್ತಿತ್ತು.

ಪೆಟ್ಟಿಗೆಯ ಒಳಗೆ, ಹಸಿರು ಕಂಬಳಿ ತುಂಡಿನ ನಡುವೆ, ದೊಡ್ಡ ಚೊಂಬಿನ ಗಾತ್ರದ ಹಿತ್ತಾಳೆಯ ವಸ್ತು. ಒಂದು ಕಡೆ ಅಗಲ ಬಾಯಿ, ಮೈಮೇಲೆ ಎರಡು ತಿರುಪಿನ ಮೂಗು, ನೆತ್ತಿಯ ಮೇಲೆ ಕೆಂಪು ಬೊಟ್ಟು. ಅಧಿಕಾರಿ ಅದನ್ನು ಮುಟ್ಟಲು ಹೋಗಿ ಕೈ ಹಿಂದೆಗೆದುಕೊಂಡ.

"ಇದು ಪೂಜೆಯ ಸಾಮಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಲ್ಲ, ಪ್ರೋಬ್. ಮೈಕ್ರೋವೇವ್ ಅಳೆಯುವ ಉಪಕರಣ."

"ಹಾಗಾದರೆ ಈ ಕೆಂಪು?"

"ಅದು ಗುರುತು. ಯಾವ ಕಡೆ ಮೇಲೆ ಎಂದು ತಿಳಿಯಲು."

ಅವನು ತಲೆಯಾಡಿಸಿ ಹಗ್ಗದ ಸುರುಳಿಯನ್ನು ಎರಡೂ ಕೈಯಲ್ಲಿ ನನಗೆ ಒಪ್ಪಿಸಿದ. ಮತ್ತೆ ಗಂಟು ಹಾಕಲು ನನ್ನ ಬೆರಳುಗಳು ಬಗ್ಗಲಿಲ್ಲ. ಆ ಚಳಿಯ ಬಗ್ಗೆ ಯಲಹಂಕದಲ್ಲಿ ಎಲ್ಲರೂ ಹೇಳಿದ್ದರು. ಆದರೆ ಎರಡು ಸ್ವೆಟರ್ ಮೇಲೆ ಒಂದು ಕೋಟು ಹಾಕಿದ್ದಕ್ಕೆ ನಾನು ಜಂಬದಿಂದ ಬಂದಿದ್ದೆ. ಹೊರಗೆ ಬಂದ ಮೊದಲ ನಿಮಿಷಕ್ಕೇ ಜಂಬ ಇಳಿಯಿತು. ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ನಡೆಯುವ ದಾರಿಯೆಂದುಕೊಂಡು ಸೈಕಲ್ ದಾರಿಯಲ್ಲಿ ನಿಂತುಬಿಟ್ಟೆ. ಹತ್ತು ಹನ್ನೆರಡು ಸೈಕಲ್ಲುಗಳು ಗಂಟೆ ಬಾರಿಸುತ್ತ ನನ್ನ ಎರಡೂ ಪಕ್ಕದಲ್ಲಿ ಹಾದುಹೋದವು. ಯಾರೂ ಬೈಯಲಿಲ್ಲ, ಅದಕ್ಕೇ ನನಗೆ ಬಹಳ ಹೊತ್ತು ತಪ್ಪು ಗೊತ್ತಾಗಲಿಲ್ಲ.

ಒಂದು ಹೆಜ್ಜೆ ಹಿಂದೆ, ಪುಟ್ಟೇನಹಳ್ಳಿ ಕೆರೆ ದಡ

ಈ ಪ್ರಯಾಣ ಯಾಕೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಯಲಹಂಕದ ಕಡೆ ಮೈಕ್ರೋವೇವ್ ಆಂಟೆನಾ ಮಾಡುವ ಒಂದು ಪ್ರಯೋಗಾಲಯದಲ್ಲಿ ನಾನು ಅಳತೆಯವನು. ಮಾಡುವವರು ಬೇರೆ, ಅದು ಸರಿಯಿದೆಯೋ ಇಲ್ಲವೋ ಹೇಳುವವನು ನಾನು. ಅಳೆಯುವ ಜಾಗ ಪುಟ್ಟೇನಹಳ್ಳಿ ಕೆರೆ. ಆ ದಡದ ಗೋಪುರದ ಮೇಲೆ ಆಂಟೆನಾ, ಈ ದಡದ ಶೆಡ್ಡಿನಲ್ಲಿ ಪ್ರೋಬ್, ನಡುವೆ ನೀರು, ಕೊಕ್ಕರೆ, ಎಮ್ಮೆ. ಕೋಗಿಲಿನಿಂದ ಬರುತ್ತಿದ್ದ ಕಾವಲುಗಾರ ಮುನಿಯಪ್ಪ ಶೆಡ್ಡಿಗೆ ಇಣುಕಿ, "ಏನ್ ಸಾ, ಇಂಗೆ ದಿನಾ ಅದನ್ನೇ ನೋಡ್ತಾ ಕುಂತಿರ್ತೀರಲ್ಲ, ಅದೇನ್ ಮರಿ ಆಕ್ತದಾ?" ಎಂದು ಕೇಳುತ್ತಿದ್ದ.

ಆಂಟೆನಾದಿಂದ ಹೊರಡುವ ಅಲೆಯನ್ನು ನಿಲ್ಲಿಸಿಯೂ ಕಳಿಸಬಹುದು, ಮಲಗಿಸಿಯೂ ಕಳಿಸಬಹುದು. ಹೀಗೆ ಒಂದೇ ಆಂಟೆನಾದಲ್ಲಿ ಎರಡು ಸುದ್ದಿ ಒಟ್ಟಿಗೆ ಹೋಗುತ್ತವೆ. ಒಂದರೊಳಗೊಂದು ಸೋರಬಾರದು, ಅಷ್ಟೆ. ನಮ್ಮ ಪ್ರೋಬ್‌ಗೆ ಎರಡು ಕಿವಿ ಎಂದಿಟ್ಟುಕೊಳ್ಳಿ. ಒಂದು ನಿಂತ ಅಲೆಯನ್ನು ಕೇಳುತ್ತದೆ, ಇನ್ನೊಂದು ಮಲಗಿದ ಅಲೆಯನ್ನು. ಆಂಟೆನಾ ನಿಂತ ಅಲೆ ಮಾತ್ರ ಕಳಿಸುವಾಗ ಮಲಗಿದ ಕಿವಿಗೆ ಏನೂ ಕೇಳಿಸಬಾರದು. ಅದುವರೆಗೆ ನಮಗೆ ಒಂದು ಬಗೆಯ ಅಲೆಯ ಕೆಲಸವೇ ಇದ್ದುದರಿಂದ ಎರಡನೆಯ ಕಿವಿಯನ್ನು ಯಾರೂ ವಿಚಾರಿಸಿರಲಿಲ್ಲ. ಎರಡೂ ಬೇಕಾದ ಮೊದಲ ಆಂಟೆನಾ ಬಂದಾಗ ವಿಚಾರಿಸಿದೆವು. ಕೇಳಿಸಬಾರದ್ದು ಅದಕ್ಕೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆಂಟೆನಾದ ಬಾಯಿಯಲ್ಲಿ ಕೂರುವ ಹಾರ್ನ್ ಎಂಬ ಕಹಳೆಯಂಥ ಭಾಗವನ್ನು ಲೇತಿನಲ್ಲಿ ಕಡೆದವರು ಖಾದರ್ ಸಾಹೇಬರು. ಐವತ್ತು ದಾಟಿದವರು, ಆರ್.ಟಿ. ನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಲೋಹದ ಮೇಲೆ ಉಗುರು ಆಡಿಸಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹೇಳುತ್ತಿದ್ದ ಮನುಷ್ಯ. ಅವರ ಹಾರ್ನ್ ಓರೆಯಾಗಿದೆ, ಅಲೆ ಸೋರುತ್ತಿದೆ ಎಂದು ವರದಿ ಬರೆದು ಸಹಿ ಹಾಕಿದವನು ನಾನು. ಪ್ರಯೋಗಾಲಯದ ಮುಖ್ಯಸ್ಥರು, ನಮ್ಮ ಸಾಹೇಬರು, ಮಾರನೇ ದಿನವೇ ಅವರನ್ನು ದೊಡ್ಡ ಲೇತಿನಿಂದ ತೆಗೆದು ಟೂಲ್ ಸ್ಟೋರಿನ ಕಿಟಕಿಯಲ್ಲಿ ಕೂರಿಸಿದರು. ಇಪ್ಪತ್ತೈದು ವರ್ಷ ಕಡೆದ ಕೈ ಅರವನ್ನೂ ಡ್ರಿಲ್ ಬಿಟ್ಟನ್ನೂ ಎತ್ತಿಕೊಡುವ ಕೈಯಾಯಿತು. ಹಾರ್ನ್‌ಗಳನ್ನು ಹೊರಗಿನವರಿಂದ ಮಾಡಿಸುವುದು, ಖಾದರ್ ಸಾಹೇಬರನ್ನು ಕಿಟಕಿಯಲ್ಲೇ ಕಾಯಂ ಮಾಡುವುದು ಎಂದು ಏಪ್ರಿಲಿನ ಸಭೆಯಲ್ಲಿ ತೀರ್ಮಾನವಾಗಲಿತ್ತು.

ಆದರೆ ಹಾರ್ನನ್ನು ಮೈಕ್ರೋಮೀಟರಿನಲ್ಲಿ ಅಳೆದರೆ ನಕ್ಷೆಯಲ್ಲಿ ಇದ್ದ ಹಾಗೇ ಇತ್ತು. ನಮ್ಮ ಸಾಹೇಬರಿಗೆ ಅದೊಂದು ಮುಳ್ಳು. ಹಾರ್ನ್ ಸುಳ್ಳು ಹೇಳುತ್ತಿದೆಯೋ, ಅದನ್ನು ಅಳೆಯುವ ಪ್ರೋಬೇ ಸುಳ್ಳು ಹೇಳುತ್ತಿದೆಯೋ? ಪ್ರೋಬನ್ನೇ ಪರೀಕ್ಷಿಸುವಂಥ ಮುಚ್ಚಿದ ಕೋಣೆ ನಮ್ಮಲ್ಲಿ ಇರಲಿಲ್ಲ. ಡೆನ್ಮಾರ್ಕಿನ ಒಂದು ಪ್ರಯೋಗಾಲಯದವರು ಒಂದು ವಾರ ಬಿಟ್ಟುಕೊಡುತ್ತೇವೆಂದು ಕಾಗದ ಬರೆದರು. ಹೊರಟವನು ನಾನು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಪ್ರೋಬ್ ಸರಿಯಾಗಿರಲಿ ಎಂದೇ ನಾನು ಹಾರೈಸುತ್ತಿದ್ದೆ. ಪ್ರೋಬ್ ಕೆಟ್ಟಿದ್ದರೆ ಖಾದರ್ ಸಾಹೇಬರು ಗೆಲ್ಲುತ್ತಿದ್ದರು, ನನ್ನ ಮೂರು ವರ್ಷದ ಅಳತೆಯೆಲ್ಲ ನೀರಲ್ಲಿ ಹೋಮವಾಗುತ್ತಿತ್ತು.

ಪೆಟ್ಟಿಗೆ ಮಾಡಿಕೊಟ್ಟವರೂ ಖಾದರ್ ಸಾಹೇಬರೇ, ಮುಖ್ಯಸ್ಥರ ಅಪ್ಪಣೆ. ಪ್ರೋಬ್ ಕೂರುವ ಕಡೆ ಅದರ ಮೈಯಚ್ಚಿನಂತೆ ಮರ ಕೊರೆದು, ಅಂಚಿನಲ್ಲಿ ಚಾಕುವಿನಿಂದ ಸಣ್ಣದೊಂದು ಗೀರು ಹಾಕಿದ್ದರು. ನೆತ್ತಿ ಈ ಗೀರಿಗೆ ಬರಬೇಕು ಎಂದು ತೋರಿಸಿದರು. ಹೊರಡುವಾಗ ಒಂದೇ ಮಾತು.

"ಮೂರ್ತಿ ಸಾರ್, ಹೋಗೋ ಮುಂಚೆ ಪ್ರೋಬ್‌ನ ಒಂದ್ಸಲ ಚೆನ್ನಾಗಿ ಒರೆಸಿ. ಸ್ಪಿರಿಟ್ ಹಾಕಿ ಒರೆಸಿ."

ಒರೆಸಿದೆ, ಥಳಥಳ ಹೊಳೆಯುವ ಹಾಗೆ. ಆಯುಧಪೂಜೆಯ ಕುಂಕುಮದ ಬೊಟ್ಟನ್ನು ಮಾತ್ರ ಬಿಟ್ಟೆ. ಪೂಜೆಯ ಕುಂಕುಮ ತಾನಾಗಿ ಹೋಗಬೇಕು, ನಾವಾಗಿ ಅಳಿಸುವುದಲ್ಲ. ಅದೂ ಅಲ್ಲದೆ ಅದೀಗ ಬರೀ ಕುಂಕುಮವಾಗಿ ಉಳಿದಿರಲಿಲ್ಲ. ಅಳತೆಯ ಕ್ರಮವನ್ನು ಟೈಪ್ ಮಾಡಿಸಿ ನಾನು ಶೆಡ್ಡಿನ ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಮೂರನೇ ಸಾಲು: ಕೆಂಪು ಗುರುತು ಮೇಲಕ್ಕೆ.

ಬೊಟ್ಟನ್ನು ಗೀರಿಗೆ ಸರಿಯಾಗಿಟ್ಟು ಪ್ರೋಬನ್ನು ಪೆಟ್ಟಿಗೆಯಲ್ಲಿ ಕೂರಿಸಿದರೆ ಪಕ್ಕದ ಮೂಗು ಮರಕ್ಕೆ ತಗುಲಿ ಮೇಲೆದ್ದಿತು. ಮುಚ್ಚಳ ಒಂದು ಬೆರಳು ಬಾಯಿ ಬಿಟ್ಟುಕೊಂಡೇ ಇತ್ತು. ಪಾಪ, ಖಾದರ್ ಸಾಹೇಬರಿಗೆ ಕಣ್ಣು ಹೋಗಿದೆ, ಪೆಟ್ಟಿಗೆಯೂ ಓರೆ ಎಂದುಕೊಂಡೆ. ಪಾಪ ಎಂದರೂ ಒಳಗೊಳಗೇ ಒಂದು ಸಮಾಧಾನವಾಯಿತು. ಆಮೇಲೆ ಹಗ್ಗ ತರಲು ಸಂತೆಗೆ ಹೋದೆ.

ಸೋಮವಾರ, ಮುಳ್ಳಿನ ಕೋಣೆ

ಆ ದೇಶದಲ್ಲಿ ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಗೊತ್ತುಮಾಡಿದ್ದ ಎಂಜಿನಿಯರ್ ಒಬ್ಬ ಹೆಂಗಸು, ಕಾರೆನ್. ವಯಸ್ಸಿನಲ್ಲಿ ನಮ್ಮ ದೊಡ್ಡಮ್ಮನಷ್ಟು. ನಾನು "ಮೇಡಂ" ಎಂದಾಗ ಯಾರು ಬಂದರೆಂದು ಹಿಂದೆ ತಿರುಗಿ ನೋಡಿದಳು. ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳಲಿಲ್ಲ. ಹೀಗಾಗಿ ವಾರ ಪೂರ್ತಿ ಅವಳನ್ನು ಏನೂ ಕರೆಯದೆ, ಕೆಮ್ಮಿ ಗಮನ ಸೆಳೆದೆ. ನನಗೆ ಶೀತವಾಗಿದೆ ಎಂದುಕೊಂಡು ಅವಳು ದಿನಾ ಬಿಸಿ ನಿಂಬೆ ನೀರು ತಂದುಕೊಡುತ್ತಿದ್ದಳು.

ಅವರ ಅಳತೆಯ ಕೋಣೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಗೋಡೆ, ಛಾವಣಿ, ನೆಲ, ಎಲ್ಲ ಕಡೆ ಕಪ್ಪು ಸ್ಪಂಜಿನ ಮೊಳದುದ್ದದ ಮುಳ್ಳುಗಳು ಒಳಮುಖವಾಗಿ ನಿಂತಿವೆ. ಹಲಸಿನ ಹಣ್ಣನ್ನು ಒಳಹೊರಗು ಮಾಡಿ ಅದರೊಳಗೆ ಕೂತ ಹಾಗೆ. ಗೋಡೆಗೆ ಬಿದ್ದ ಅಲೆ ಅಲ್ಲೇ ಸಾಯುತ್ತದೆ, ವಾಪಸು ಬಂದು ಅಳತೆ ಕೆಡಿಸುವುದಿಲ್ಲ. ದನಿಯೂ ಸಾಯುತ್ತದೆ. ನನ್ನ ಕೆಮ್ಮು ನನಗೇ ಯಾರದೋ ಕೆಮ್ಮಿನಂತೆ ಕೇಳಿಸಿತು. ಕೊಕ್ಕರೆಯಿಲ್ಲ, ಎಮ್ಮೆಯಿಲ್ಲ, ಮುನಿಯಪ್ಪನಿಲ್ಲ. ಇಷ್ಟು ಶುದ್ಧವಾದ ಜಾಗದಲ್ಲಿ ನನಗೆ ಯಾಕೋ ಹೆದರಿಕೆಯಾಯಿತು.

ಒಂದು ತುದಿಯಲ್ಲಿ ಅವರ ಆಂಟೆನಾ, ಇನ್ನೊಂದು ತುದಿಯಲ್ಲಿ ನಮ್ಮ ಪ್ರೋಬ್. ನಾನು ನನ್ನ ಟೈಪ್ ಮಾಡಿದ ಹಾಳೆ ತೆಗೆದು, ಕೆಂಪು ಗುರುತು ಮೇಲಕ್ಕೆ ಇಟ್ಟೆ. ಅವಳು ರಸಮಟ್ಟ ಹಿಡಿದು ಬೊಟ್ಟಿನ ನಡುವನ್ನು ನೇರ ಮಾಡಿದಳು. ನಿಂತ ಅಲೆ ಕಳಿಸಿದೆವು. ಕಾಗದದ ಸುರುಳಿಯ ಮೇಲೆ ಪೆನ್ನು ಗೀಚತೊಡಗಿತು. ಮಲಗಿದ ಕಿವಿಗೆ ಕೇಳಿಸಿತು. ಪುಟ್ಟೇನಹಳ್ಳಿಯಲ್ಲಿ ಎಷ್ಟು ಕೇಳಿಸುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ.

ಇಲ್ಲಿ ಖಾದರ್ ಸಾಹೇಬರ ಹಾರ್ನೇ ಇಲ್ಲವಲ್ಲ!

"ನಿಮ್ಮ ಆಂಟೆನಾ ಸೋರುತ್ತಿರಬಹುದು," ಎಂದೆ. ಅತಿಥಿ ಆಡುವ ಮಾತಲ್ಲ, ಆದರೆ ಬಾಯಿಗೆ ಬಂದದ್ದು ಅದೇ.

ಅವಳು ಬೇಸರಪಟ್ಟುಕೊಳ್ಳಲಿಲ್ಲ. "ಇರಬಹುದು. ನನ್ನದನ್ನು ನೀನು ಯಾಕೆ ನಂಬಬೇಕು?" ಎಂದಳು.

ಆ ಮಾತಿನಿಂದ ನನ್ನ ಗೊಂದಲ ಇಳಿಯುವ ಬದಲು ಏರಿತು. ಸಂಜೆಯ ಹೊತ್ತಿಗೆ ನಾನು ಕೇಬಲ್ಲನ್ನು ನಂಬುತ್ತಿರಲಿಲ್ಲ, ರಸಮಟ್ಟವನ್ನು ನಂಬುತ್ತಿರಲಿಲ್ಲ, ಗೋಡೆಯ ಮುಳ್ಳುಗಳನ್ನು ನಂಬುತ್ತಿರಲಿಲ್ಲ. ನನ್ನನ್ನು ಮಾತ್ರ ನಂಬುತ್ತಿದ್ದೆ.

ಮಂಗಳವಾರ, ಒಂದು ಮಗು, ಮೂರು ಸಾಕ್ಷಿ

ಬೆಳಿಗ್ಗೆ ಪ್ರಯೋಗಾಲಯಕ್ಕೆ ನಡೆದು ಹೋಗುತ್ತಿದ್ದೆ. ಒಂದು ಬ್ರೆಡ್ಡಿನ ಅಂಗಡಿಯ ಹೊರಗೆ, ಹಿಮ ಬಿದ್ದ ರಸ್ತೆಯ ಬದಿ, ಮಗುವಿನ ಗಾಡಿ. ಒಳಗೆ ಕೆಂಪು ಮೂಗಿನ ಕೂಸೊಂದು ನಿದ್ದೆ ಹೋಗಿತ್ತು. ಸುತ್ತಮುತ್ತ ನರಪಿಳ್ಳೆಯಿಲ್ಲ. ಯಾರೋ ಪಾಪಿಗಳು ಬಿಟ್ಟುಹೋಗಿದ್ದಾರೆ ಎಂದುಕೊಂಡೆ. ಮಗುವನ್ನು ಬಿಟ್ಟು ಹೋಗಲು ಮನಸ್ಸಾಗದೆ, ಕೈ ಉಜ್ಜಿಕೊಳ್ಳುತ್ತ ಕಾವಲು ನಿಂತೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅಂಗಡಿಯೊಳಗಿಂದ ಒಬ್ಬ ಹೆಂಗಸು ಕಾಫಿ ಮುಗಿಸಿ ಬಂದಳು. ಗಾಡಿಯ ಮೇಲೆ ಬಗ್ಗಿದ್ದ ಕೋಟು, ಮಫ್ಲರ್, ಮಂಗನ ಟೋಪಿಯ ನನ್ನನ್ನು ಕಂಡು ಚೀರಿದಳು.

ನಡೆದದ್ದನ್ನು ಕೇಳಿ ಕಾರೆನ್ ಕಣ್ಣೀರು ಬರುವಷ್ಟು ನಕ್ಕಳು. ಆ ಊರಿನಲ್ಲಿ ಕೂಸುಗಳನ್ನು ಹೊರಗಿನ ಗಾಳಿಯಲ್ಲೇ ಮಲಗಿಸುತ್ತಾರಂತೆ, ಅದರಿಂದ ಗಟ್ಟಿಯಾಗುತ್ತವಂತೆ. ನಮ್ಮಲ್ಲಿ ಬಾಣಂತಿ ಕೋಣೆಯ ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತೇವೆ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ಯಾವುದು ತಪ್ಪು, ಯಾವುದು ಪದ್ಧತಿ ಎಂದು ನೋಡಿದ ಮಾತ್ರಕ್ಕೆ ಹೇಳಲು ಬರುವುದಿಲ್ಲ ಎಂದು ನನಗೆ ಆ ಹೊತ್ತು ಅನಿಸಿತ್ತು. ಅನಿಸಿದ್ದು ಮಗುವಿನ ಬಗ್ಗೆ ಮಾತ್ರ.

ಅವಳು ಆ ದಿನ ಹೂಡಿದ್ದು ಮೂರು ಸಾಕ್ಷಿಗಳ ಆಟ. ಅವರ ಎರಡು ಆಂಟೆನಾ, ನಮ್ಮ ಪ್ರೋಬ್. ಮೂರರಲ್ಲಿ ಯಾವುದನ್ನೂ ಮೊದಲೇ ನಂಬುವ ಹಾಗಿಲ್ಲ. ಒಂದಕ್ಕೆ ಎರಡನ್ನು, ಎರಡಕ್ಕೆ ಮೂರನ್ನು, ಮೂರಕ್ಕೆ ಒಂದನ್ನು ಎದುರು ನಿಲ್ಲಿಸಿ ಅಳೆಯುವುದು. ಮೂರು ಜೋಡಿಯ ಹೇಳಿಕೆಯನ್ನೂ ತಾಳೆ ನೋಡಿದರೆ ಯಾರು ಎಷ್ಟು ತಪ್ಪು ಎಂದು ಲೆಕ್ಕದಲ್ಲಿ ಹೊರಬೀಳುತ್ತದೆ. ನಮ್ಮ ಪಂಚಾಯಿತಿಗಳಿಗೆ ಈ ವಿದ್ಯೆ ಗೊತ್ತಿದ್ದರೆ ಎಷ್ಟೋ ಜಗಳ ಒಂದೇ ದಿನದಲ್ಲಿ ಮುಗಿಯುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಅವರ ಎರಡೂ ಆಂಟೆನಾ ನಿರಪರಾಧಿಗಳೆಂದು ತಿಳಿಯಿತು. ಉಳಿದದ್ದು ಒಂದೇ.

"ಅಂದರೆ ನಮ್ಮ ಪ್ರೋಬ್ ಹಾಳಾಗಿದೆ," ಎಂದೆ.

"ಇನ್ನೂ ಗೊತ್ತಿಲ್ಲ," ಎಂದು ಅವಳು ಪ್ರೋಬನ್ನು ಅದರ ಜಾಗದಲ್ಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸತೊಡಗಿದಳು. ನಮ್ಮ ಶೆಡ್ಡಿನಲ್ಲಿ ಪ್ರೋಬ್ ತಿರುಗುವುದಿಲ್ಲ. ಬೊಟ್ಟು ಮೇಲಿಟ್ಟು ಬೋಲ್ಟು ಬಿಗಿದರೆ ಮುಗಿಯಿತು. ಇಲ್ಲಿ ಅವಳು ತಿರುಗಿಸಿದಂತೆ ಪೆನ್ನು ಇಳಿಯಿತು, ಇನ್ನೂ ಇಳಿಯಿತು, ಮೂರು ಡಿಗ್ರಿಯ ಹತ್ತಿರ ಕಾಗದದ ತಳಕ್ಕೇ ಬಿತ್ತು. ಮಲಗಿದ ಕಿವಿಗೆ ಈಗ ಏನೂ ಕೇಳಿಸುತ್ತಿರಲಿಲ್ಲ. ದಾಟಿ ತಿರುಗಿಸಿದರೆ ಮತ್ತೆ ಏರಿತು.

"ಪ್ರೋಬ್ ಹಾಳಾಗಿದ್ದರೆ ಹೇಗೆ ತಿರುಗಿಸಿದರೂ ಇಷ್ಟು ಇಳಿಯುತ್ತಿರಲಿಲ್ಲ," ಎಂದಳು. "ಇದರ ಎರಡು ಕಿವಿಯೂ ಚೆನ್ನಾಗಿವೆ. ನೀವು ಅದರ ತಲೆಯನ್ನು ಓರೆ ಮಾಡಿಟ್ಟು ಕೇಳಿಸುತ್ತಿದ್ದೀರಿ."

"ಸಾಧ್ಯವಿಲ್ಲ. ಗುರುತು ನೆಟ್ಟಗಿದೆ, ನೀವೇ ರಸಮಟ್ಟ ಹಿಡಿದಿರಿ."

"ಗುರುತು ನೆಟ್ಟಗಿದೆ. ಗುರುತು ಹಾಕಿದವರು ಯಾರು?"

ರಾತ್ರಿ ಬಾಡಿಗೆ ಕೋಣೆಯಲ್ಲಿ ಗರಿಯ ರಜಾಯಿ ಹೊದ್ದು ಆ ಪ್ರಶ್ನೆಯನ್ನೇ ನೆನೆಸಿದೆ. ಪ್ರೋಬ್ ನನ್ನ ಕೈಗೆ ಬಂದದ್ದು ಒಬ್ಬ ಹಿರಿಯರು ನಿವೃತ್ತರಾದಾಗ. ಆಯುಧಪೂಜೆ ಮುಗಿದು ಎರಡು ದಿನವಾಗಿತ್ತು. "ಮೇಲ್ಗಡೆ ಗುರುತಿದೆ, ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಅವರು ಬೀಗದಕೈ ಕೊಟ್ಟು ಹೋದರು. ನಾನು ನೋಡಿದೆ. ಕಂಡದ್ದು ಪೂಜೆಯ ದಿನ ಎಲ್ಲ ಸಲಕರಣೆಗಳಿಗೂ ಇಡುತ್ತ ನಾನೇ ಇದಕ್ಕೂ ಇಟ್ಟ ಬೊಟ್ಟು, ಕಂಪನಿಯ ಗುರುತಿನ ಮೇಲೇ ಬಿದ್ದಿದೆ ಎಂದುಕೊಂಡೆ. ಇಟ್ಟವನು ನಾನೇ ಎಂಬುದೂ ಆಮೇಲೆ ಮರೆತುಹೋಯಿತು. ವರ್ಷ ವರ್ಷವೂ ಅದೇ ಜಾಗಕ್ಕೆ ಹೊಸ ಕುಂಕುಮ ಮೆತ್ತುತ್ತ ಬಂದೆ.

ಬುಧವಾರ, ಹತ್ತಿ ಮತ್ತು ಸ್ಪಿರಿಟ್

ಬೆಳಿಗ್ಗೆ ಕಾರೆನ್ ಪ್ರೋಬ್ ಮಾಡಿದ ಕಂಪನಿಯ ನಕ್ಷೆಯನ್ನು ತಮ್ಮ ಪುಸ್ತಕದಿಂದ ಹುಡುಕಿ ತಂದಿದ್ದಳು. ನೆತ್ತಿಯ ಮೇಲೆ ಸಣ್ಣ ಗೆರೆ ಕೊರೆದಿರುತ್ತದೆ ಎಂದು ಅದರಲ್ಲಿತ್ತು.

"ಇದರಲ್ಲಿ ಗೆರೆಯಿಲ್ಲ," ಎಂದೆ. "ಮೂರು ವರ್ಷದಲ್ಲಿ ಒಂದು ಸಲವೂ ಕಂಡಿಲ್ಲ."

ಅವಳು ಕೆಂಪು ಬೊಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಹತ್ತಿಯನ್ನೂ ಸ್ಪಿರಿಟ್ ಸೀಸೆಯನ್ನೂ ತಂದು ಬಗ್ಗಿದಳು. ನಾನು ತಡೆಯಿರಿ ಎಂದು ಕೈ ಅಡ್ಡ ಇಟ್ಟುಬಿಟ್ಟೆ. ಇದು ಬಣ್ಣವಲ್ಲ, ಪೂಜೆಯದು ಎಂದು ತೊದಲಿದೆ. ವರ್ಷಕ್ಕೊಮ್ಮೆ ನಮ್ಮ ಕೆಲಸದ ಸಲಕರಣೆಗಳನ್ನೆಲ್ಲ ತೊಳೆದು, ಕುಂಕುಮ ಇಟ್ಟು, ಕೈಮುಗಿಯುತ್ತೇವೆ, ಆ ದಿನ ಅವುಗಳಿಂದ ಕೆಲಸ ತೆಗೆಯುವುದಿಲ್ಲ ಎಂದು ವಿವರಿಸಿದೆ. ನಗುತ್ತಾಳೆಂದುಕೊಂಡೆ. ಅವಳು ನಗಲಿಲ್ಲ.

"ಒಳ್ಳೆಯ ಪದ್ಧತಿ. ನಾವು ಇವನ್ನು ಬೈಯುವುದಷ್ಟೇ," ಎಂದಳು. "ಅಳಿಸಲು ಯಾರಾದರೂ ಪುರೋಹಿತರು ಬೇಕೆ? ಕಾಯೋಣ."

ಈ ಮಾತಿಗೆ ನನಗೇ ನಾಚಿಕೆಯಾಯಿತು. ಹತ್ತಿ ಇಸಿದುಕೊಂಡೆ. ಮೂರು ವರ್ಷದ ಕುಂಕುಮ, ಅರಿಸಿನ, ಎಣ್ಣೆ ಸೇರಿ ಅರಗಿನಂತೆ ಗಟ್ಟಿಯಾಗಿತ್ತು. ನಾಲ್ಕು ಉಂಡೆ ಹತ್ತಿ ಕೆಂಪಾದ ಮೇಲೆ ಹಿತ್ತಾಳೆ ಕಂಡಿತು. ಬೊಟ್ಟಿನ ನಡುವಿನಲ್ಲಲ್ಲ, ಅದರ ಎಡದ ಅಂಚಿನಲ್ಲಿ, ಕೂದಲಿನಷ್ಟು ತೆಳ್ಳಗೆ ಒಂದು ಗೆರೆ.

ನನಗೆ ಆ ಆಯುಧಪೂಜೆ ಕಣ್ಣಿಗೆ ಕಟ್ಟಿತು. ಪ್ರೋಬ್ ಸ್ಟ್ಯಾಂಡಿನ ಮೇಲಿತ್ತು. ಎದುರಿಗೆ ಶೆಡ್ಡಿನ ಕಂಬ ಅಡ್ಡ ಬರುತ್ತಿದ್ದುದರಿಂದ ನಾನು ಬಲಗಡೆಯಿಂದ ಕೈ ಚಾಚಿ ಬೆರಳೊತ್ತಿದ್ದೆ. ಬೆರಳು ಅಷ್ಟು ಬಲಕ್ಕೆ ಬಿದ್ದಿತ್ತು, ಮೂರು ಡಿಗ್ರಿ. ಆ ಮೂರು ಡಿಗ್ರಿಗೆ ಖಾದರ್ ಸಾಹೇಬರು ಕಿಟಕಿಯಲ್ಲಿ ಕೂತಿದ್ದರು.

ಕಾರೆನ್ ಹೊರಗೆ ಹೋಗಿ ಎರಡು ಲೋಟ ನಿಂಬೆ ನೀರು ತಂದಳು. ಪ್ರೋಬನ್ನು ಎಲ್ಲಾದರೂ ಕೆಳಗಿಡಬೇಕೆಂದು ನಾನು ಪೆಟ್ಟಿಗೆ ತೆರೆದೆ. ಗೆರೆಯನ್ನು ಆ ಚಾಕುವಿನ ಗೀರಿಗೆ ಸರಿಯಾಗಿ ಹಿಡಿದು ಇಳಿಸಿದೆ. ಪ್ರೋಬ್ ಎಲ್ಲೂ ತಗುಲದೆ ತನ್ನ ಜಾಗಕ್ಕೆ ಇಳಿಯಿತು. ಮುಚ್ಚಳ ತಳ್ಳಿದೆ. ಟಕ್ ಎಂದು ಮುಚ್ಚಿಕೊಂಡಿತು.

ಹಗ್ಗ ಪಕ್ಕದಲ್ಲಿ ಬಿದ್ದಿತ್ತು. ನಾನು ಮುಚ್ಚಳವನ್ನು ಮತ್ತೊಮ್ಮೆ ತೆರೆದು ಮುಚ್ಚಿದೆ. ಖಾದರ್ ಸಾಹೇಬರಿಗೆ ಗೆರೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ?

ಗುರುವಾರ, ವರದಿ

ಅಂದು ಮಾಡಿದ್ದು ನಿಜವಾದ ಕೆಲಸ. ಗೆರೆ ಮೇಲಿಟ್ಟು ಪ್ರೋಬನ್ನು ಮೊದಲಿನಿಂದ ಅಳೆದೆವು. ಎರಡು ಕಿವಿಗಳಲ್ಲಿ ಒಂದು ಇನ್ನೊಂದಕ್ಕಿಂತ ತುಸು ಮಂದ. ಯಾವ ಅಲೆಗೆ ಎಷ್ಟು ಮಂದ ಎಂದು ಪಟ್ಟಿ ಮಾಡಿದೆವು. ಇನ್ನು ಮೇಲೆ ಯಾವ ಅಳತೆ ತೆಗೆದರೂ ಆ ಪಟ್ಟಿಯಿಂದ ತಿದ್ದಿಕೊಂಡರಾಯಿತು. ಪುಟ್ಟೇನಹಳ್ಳಿಯ ಹಳೆಯ ಅಳತೆಗಳ ನೋಟ್‌ಪುಸ್ತಕ ನನ್ನ ಚೀಲದಲ್ಲಿತ್ತು. ಮೂರು ಡಿಗ್ರಿಯನ್ನೂ ಪಟ್ಟಿಯನ್ನೂ ಹಾಕಿ ಕ್ಯಾಲ್ಕ್ಯುಲೇಟರ್ ಒತ್ತುತ್ತ ಹೋದೆ. ಸಂಜೆ ಹಾರ್ನಿನ ನಿಜವಾದ ಅಂಕಿ ಬಂತು. ನಕ್ಷೆ ಕೇಳಿದ್ದಕ್ಕಿಂತಲೂ ಚೆನ್ನಾಗಿತ್ತು. ಎರಡು ಸಲ ತಪ್ಪು ಹುಡುಕಿದೆ, ಸಿಗಲಿಲ್ಲ.

ವರದಿ ಬರೆಯಲು ಕೂತೆ. "ಪ್ರೋಬಿನಲ್ಲಿ ಮೂರು ಡಿಗ್ರಿಯ ದೋಷ ಕಂಡುಬಂದಿದ್ದು ಅದನ್ನು ಸರಿಪಡಿಸಲಾಗಿದೆ." ಎಷ್ಟು ಚೆಂದದ ಸಾಲು! ಖಾದರ್ ಸಾಹೇಬರೂ ಬಚಾವ್, ನಾನೂ ಬಚಾವ್. ಹಿತ್ತಾಳೆಗೆ ಮಾನಮರ್ಯಾದೆಯ ಚಿಂತೆಯಿಲ್ಲ. ಇಂಗ್ಲಿಷಿಗೆ ಇಳಿಸಿ ಕಾರೆನ್ ಮುಂದೆ ಸಹಿಗೆ ಹಿಡಿದೆ. ಅವಳು ಓದಿ ಪೆನ್ನು ಕೆಳಗಿಟ್ಟಳು.

"ಪ್ರೋಬ್ ಏನೂ ತಪ್ಪು ಮಾಡಿಲ್ಲ. ನಾನು ಇದಕ್ಕೆ ಹೇಗೆ ಸಹಿ ಹಾಕಲಿ?"

ಮಲಗುವ ಮುಂಚೆ ಹೊಸದಾಗಿ ಬರೆದೆ. ಅಳತೆಗಾರನು ತಾನೇ ಇಟ್ಟ ಕುಂಕುಮವನ್ನು ಕಂಪನಿಯ ಗುರುತೆಂದು ತಿಳಿದು ಮೂರು ವರ್ಷ ಅಳೆದಿದ್ದಾನೆ, ಹಾರ್ನ್ ಮಾಡಿದವರದು ತಪ್ಪಿಲ್ಲ. ಅಳತೆಗಾರ ಎಂಬುದರ ಮುಂದೆ ನನ್ನ ಹೆಸರನ್ನೂ ಸೇರಿಸಿದೆ.

ಶುಕ್ರವಾರ, ಕೇಕ್

ಆ ಪ್ರಯೋಗಾಲಯದಲ್ಲಿ ಒಂದು ರೂಢಿ. ವಾರದಲ್ಲಿ ಯಾರು ತಪ್ಪು ಮಾಡಿದರೋ ಅವರು ಶುಕ್ರವಾರ ಎಲ್ಲರಿಗೂ ಕೇಕ್ ತರಬೇಕು. ತಂದು, ಏನು ತಪ್ಪು ಮಾಡಿದೆ ಎಂದು ನಿಂತು ಹೇಳಬೇಕು. ಎಲ್ಲರೂ ತಿಂದರೆ ತಪ್ಪು ಮುಗಿಯಿತು, ಆಮೇಲೆ ಅದನ್ನು ಎತ್ತುವ ಹಾಗಿಲ್ಲ. ನಮ್ಮಲ್ಲಾದರೆ ಸಿಹಿ ಹಂಚುವುದು ಬಡ್ತಿಗೆ, ತಪ್ಪಿಗೆ ಹುಡುಕುವುದು ತಲೆ ಬಗ್ಗಿಸಿದವನನ್ನು.

ಮಗುವನ್ನು ಕಾದಿದ್ದ ಅಂಗಡಿಯಿಂದಲೇ ಕೇಕ್ ತಂದೆ. ಬಲಗೈ ಬೆರಳು ತೋರಿಸಿ, ತಪ್ಪು ಮಾಡಿದ್ದು ಇದು ಎಂದೆ. ನಕ್ಕರು, ಚಪ್ಪಾಳೆ ತಟ್ಟಿದರು, ಮುದುಕರೊಬ್ಬರು ತಾವು ಹಿಂದೊಮ್ಮೆ ಮುಚ್ಚಳ ತೆಗೆಯದೆಯೇ ಒಂದು ತಿಂಗಳು ಆಂಟೆನಾ ಅಳೆದ ಕತೆ ಹೇಳಿದರು. ಎದೆಯ ಭಾರ ಅರ್ಧ ಇಳಿಯಿತು. ಇನ್ನರ್ಧ ಇವರು ತಿಂದರೆ ಇಳಿಯುವಂಥದಲ್ಲ. ವಿಮಾನ ನಿಲ್ದಾಣದಲ್ಲಿ ಬೆಣ್ಣೆ ಬಿಸ್ಕತ್ತಿನ ಡಬ್ಬಿ ಕೊಂಡೆ, ಇದ್ದುದರಲ್ಲಿ ದೊಡ್ಡದು.

ಯಲಹಂಕ, ಟೂಲ್ ಸ್ಟೋರಿನ ಕಿಟಕಿ

ಬಂದ ದಿನವೇ ಸಾಹೇಬರ ಕೈಗೆ ವರದಿ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದು, "ಮೊದ್ಲು ಅವ್ರ ಹತ್ರ ಹೋಗಿ ಬನ್ರೀ," ಎಂದರು.

ಖಾದರ್ ಸಾಹೇಬರು ಸ್ಟೂಲಿನ ಮೇಲೆ ಕೂತು ಡ್ರಿಲ್ ಬಿಟ್ಟುಗಳಿಗೆ ಎಣ್ಣೆ ಸವರುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟೆ. ಅವರು ನನ್ನ ಮುಖ ನೋಡುವ ಮುಂಚೆ ಮುಚ್ಚಳ ನೋಡಿದರು.

"ಹಗ್ಗ ಇಲ್ಲ," ಎಂದರು. "ಮುಚ್ಕೊಂಡಿದೆ."

"ನಿಮಗೆ ಗೊತ್ತಿತ್ತಾ ಖಾದರ್ ಸಾಬ್ರೇ?"

"ಗೆರೆ ನೋಡಿದ್ದೆ ಸಾರ್. ಪ್ರೋಬ್ ಬಂದ ಹೊಸದ್ರಲ್ಲಿ ಅದನ್ನ ಸ್ಟ್ಯಾಂಡಿಗೆ ಕೂರಿಸ್ದೋನು ನಾನೇ ಅಲ್ವಾ."

ನನಗೆ ಸಿಟ್ಟು ಬಂತು. ತಪ್ಪು ನನ್ನದು, ಸಿಟ್ಟೂ ನನಗೇ. "ಮತ್ತೆ ಬಾಯಿ ಬಿಟ್ಟು ಹೇಳೋಕ್ಕೇನಾಗಿತ್ರೀ? ಇಷ್ಟು ದಿನ ಈ ಕಿಟಕೀಲಿ ಕೂತ್ಕೊಂಡು! ನೀವೇ ಒರೆಸಿಬಿಡಬಹುದಿತ್ತಲ್ಲ ಅದನ್ನ!"

ಅವರು ಎಣ್ಣೆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ದನಿ ಏರಿಸಲಿಲ್ಲ.

"ಕುಂಕುಮ ಸಾರ್ ಅದು. ನೀವು ಒರೆಸಿದ್ರೆ ಕ್ಲೀನಿಂಗು. ಖಾದರ್ ಒರೆಸಿದ್ರೆ?"

ಅವರು ಪೆಟ್ಟಿಗೆಯ ಮುಚ್ಚಳದ ಮೇಲೆ ಉಗುರು ಆಡಿಸಿದರು.

"ಬಾಯಲ್ಲಿ ಹೇಳಿದ್ರೂ ಅಷ್ಟೇ. ಹಾರ್ನ್ ಕೆಡಿಸ್ದೋನು ಈಗ ದೇವ್ರ ಕುಂಕುಮದ್ ಮೇಲೆ ತಪ್ಪು ಹೊರಿಸ್ತಾನೆ ಅಂದಿರೋರು. ಅಂದಿರೋರು ಅಲ್ವಾ? ಅದಕ್ಕೇ ಈ ಪೆಟ್ಟಿಗೆ ಮರಕ್ಕೆ ಹೇಳ್ದೆ. ನಿಮಗೆ ಸ್ಪಿರಿಟ್ ಹಾಕಿ ಒರೆಸಿ ಅಂದೆ. ಅದಕ್ಕಿಂತ ಇನ್ನೇನ್ ಮಾಡ್ಲಿ?"

ಹೌದು, ಅನ್ನುತ್ತಿದ್ದರು. ಮೊದಲು ಅನ್ನುತ್ತಿದ್ದವನು ನಾನೇ. ಕಣ್ಣಲ್ಲಿ ನೀರು ಬಂತು, ಅವರೆದುರಿಗೆ ಒರೆಸಿಕೊಳ್ಳಲು ಸಂಕೋಚವೂ ಆಗಲಿಲ್ಲ. ಬಿಸ್ಕತ್ತಿನ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟೆ. ಆ ದೇಶದಲ್ಲಿ ತಪ್ಪು ಮಾಡಿದವರು ಸಿಹಿ ತರಬೇಕು, ಜೊತೆಯವರು ತಿಂದರೆ ತಪ್ಪು ಮುಗಿಯುತ್ತದೆ ಎಂದು ಹೇಳಿದೆ.

ಅವರು ಡಬ್ಬಿಯನ್ನು ಒಂದು ಸಲ ತಿರುಗಿಸಿ ನೋಡಿದರು. "ಡಬ್ಬಿ ಸಣ್ಣದಾಯ್ತು ಸಾರ್," ಎಂದು ಗಡ್ಡದೊಳಗೆ ನಕ್ಕು, ಒಂದು ಬಿಸ್ಕತ್ತು ಮುರಿದು ಅರ್ಧ ನನ್ನ ಕೈಗಿಟ್ಟರು.

ಏಪ್ರಿಲಿನ ಸಭೆಯಲ್ಲಿ ಮಾತಾಡಲು ಏನೂ ಉಳಿಯಲಿಲ್ಲ. ಅದಕ್ಕೂ ಮುಂಚೆಯೇ ಅವರು ಲೇತಿಗೆ ಮರಳಿದ್ದರು. ಶೆಡ್ಡಿನ ಗೋಡೆಯ ಹಾಳೆಯನ್ನು ನಾನೇ ಕಿತ್ತು, ಮೂರನೇ ಸಾಲು ಬದಲಿಸಿ ಹೊಸದು ಅಂಟಿಸಿದೆ.

ಆ ವರ್ಷದ ಆಯುಧಪೂಜೆಗೆ ಶೆಡ್ಡಿಗೆ ಎಲ್ಲರೂ ಬಂದಿದ್ದರು. ಎಂದಿನಂತೆ ಖಾದರ್ ಸಾಹೇಬರು ನಿಂಬೆಹಣ್ಣು, ಬೂದುಗುಂಬಳ ತಂದಿದ್ದರು. ನಾನು ಕುಂಕುಮದಲ್ಲಿ ಬೆರಳದ್ದಿ ಪ್ರೋಬ್ ಮುಂದೆ ನಿಂತುಬಿಟ್ಟೆ. ಬೆರಳು ಮುಂದಕ್ಕೆ ಹೋಗಲಿಲ್ಲ. ಇಡದಿರಲು ಮನಸ್ಸಿಲ್ಲ, ಇಡಲು ಧೈರ್ಯವಿಲ್ಲ.

"ಎಲ್ಲಿಡ್ಲಿ ಖಾದರ್ ಸಾಬ್ರೇ?" ಎಂದೆ.

ಅವರು ಮುಂದೆ ಬಂದರು. ನನ್ನ ಮಣಿಕಟ್ಟು ಹಿಡಿದು, ಪ್ರೋಬಿನಿಂದ ಕೆಳಗೆ, ಸ್ಟ್ಯಾಂಡಿನ ಕೊರಳಿನಿಂದ ಕೆಳಗೆ, ಅದರ ಕಬ್ಬಿಣದ ಕಾಲಿನವರೆಗೆ ಬಗ್ಗಿಸಿ ತಂದರು.

"ಇಲ್ಲಿಡಿ ಸಾರ್," ಎಂದರು. "ಇಲ್ಲಿ ಯಾವ ಗೆರೆನೂ ಇಲ್ಲ."